ಹನ್ನೆರಡನೇ ಕಾಲಂನಲ್ಲಿ ಹೆಸರಿಲ್ಲದವರು

2023ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರದ ಕೈಯಲ್ಲಿ ದುಡ್ಡಿತ್ತು, ಅಕ್ಕಿ ಇರಲಿಲ್ಲ. ಅನ್ನಭಾಗ್ಯದಲ್ಲಿ ತಲೆಗೆ ಇನ್ನೂ ಐದು ಕೆ.ಜಿ. ಕೊಡುತ್ತೇವೆಂದು ಮಾತು ಕೊಟ್ಟು ಗೆದ್ದು ಬಂದವರಿಗೆ ಭಾರತೀಯ ಆಹಾರ ನಿಗಮದ ಗೋದಾಮು ಮುಚ್ಚಿತ್ತು. ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ನಿಲ್ಲಿಸಿಬಿಟ್ಟಿತು. ನೆರೆ ರಾಜ್ಯಗಳನ್ನು ಕೇಳಿದ್ದಾಯಿತು, ದರ ಹೊಂದಲಿಲ್ಲ. ಕೊನೆಗೆ ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಬ್ಯಾಂಕ್ ಖಾತೆಗೆ ಹಾಕಿ ಕೊಟ್ಟ ಮಾತು ಉಳಿಸಿಕೊಂಡರು. ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತಿಗೂ ನಿಷೇಧ ಬಿತ್ತು. ಆಗಸ್ಟ್ ಬಂತು, 1901ರಿಂದ ಈಚೆಗೆ ದೇಶ ಅಷ್ಟು ಒಣ ಆಗಸ್ಟ್ ಕಂಡಿರಲಿಲ್ಲ. ವರ್ಷ ಮುಗಿಯುವ ಹೊತ್ತಿಗೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಪಟ್ಟಿಯಲ್ಲಿದ್ದವು.

ದೆಹಲಿ ಬೆಂಗಳೂರನ್ನೂ ಬೆಂಗಳೂರು ದೆಹಲಿಯನ್ನೂ ಬೈದು ಆ ಪ್ರಸಂಗ ಮುಗಿಯಿತು. ರಾಗಿಯಲ್ಲಿ ದೇಶಕ್ಕೇ ಮುಂದಿರುವ, ಜೋಳ ತೊಗರಿ ಬೆಳೆಯುವ ರಾಜ್ಯವೊಂದು ಒಂದು ಹಂಗಾಮು ಕೈಕೊಟ್ಟ ಕೂಡಲೇ ಬೇರೆಯವರ ಗೋದಾಮಿನ ಬಾಗಿಲಲ್ಲಿ ನಿಲ್ಲಬೇಕಾದದ್ದು ಯಾಕೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಿಕೊಳ್ಳಲಿಲ್ಲ. ಮಳೆ ಯಾಕೆ ಬರಲಿಲ್ಲ ಎಂಬುದಕ್ಕೆ ವಿಜ್ಞಾನಿಗಳ ಬಳಿ ಉತ್ತರವಿದೆ. ಮಳೆ ಬಾರದಿದ್ದಾಗ ಬಿತ್ತಿದವರು ಏನಾದರು, ಮುಂದಿನ ಸಲ ಅವರು ಬಿತ್ತುತ್ತಾರೆಯೇ ಎಂಬುದಕ್ಕೆ ಉತ್ತರ ಹೇಳಬೇಕಾದದ್ದು ವಿಧಾನಸೌಧ. ಆ ಉತ್ತರ ಅಲ್ಲಿಲ್ಲ, ಯಾಕೆಂದರೆ ಬಿತ್ತುವವರು ಯಾರು ಎಂಬುದೇ ಅದರ ದಾಖಲೆಯಲ್ಲಿ ಇಲ್ಲ.

ಪಹಣಿ ತೆಗೆದು ನೋಡಿ. ಒಂಬತ್ತನೇ ಕಾಲಂನಲ್ಲಿ ಜಮೀನಿನ ಒಡೆಯರ ಹೆಸರು. ಹನ್ನೆರಡನೇ ಕಾಲಂನಲ್ಲಿ ಸಾಗುವಳಿದಾರರ ಹೆಸರು, ಸಾಗುವಳಿಯ ರೀತಿ, ಬೆಳೆಯ ವಿವರ. ರಾಜ್ಯದ ಬಹುಪಾಲು ಪಹಣಿಗಳಲ್ಲಿ ಎರಡೂ ಕಡೆ ಒಂದೇ ಹೆಸರು, ರೀತಿ ಎಂಬಲ್ಲಿ ‘ಸ್ವಂತ’. ಊರಿಗೆ ಹೋಗಿ ಕೇಳಿದರೆ ಕಥೆಯೇ ಬೇರೆ. ಒಡೆಯರ ಮಗ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾನೆ, ಅಥವಾ ತಾಲ್ಲೂಕು ಕೇಂದ್ರದಲ್ಲಿ ಮೇಷ್ಟ್ರು. ನೆಲ ಉಳುತ್ತಿರುವುದು ಇನ್ನೊಬ್ಬರು. ಬಡಗಣದ ಕಡೆ ಅದು ಲಾವಣಿ, ಹಳೆ ಮೈಸೂರಿನಲ್ಲಿ ವಾರ, ಕೋರು, ಗುತ್ತಿಗೆ. ಲಾವಣಿಯಾದರೆ ಎಕರೆಗೆ ಇಷ್ಟು ಎಂದು ದುಡ್ಡು ಸಾಮಾನ್ಯವಾಗಿ ಮುಂಗಡವಾಗಿಯೇ ಹೋಗುತ್ತದೆ. ವಾರವಾದರೆ ಕಣದಲ್ಲಿ ಅರ್ಧ. ಎಲ್ಲವೂ ಬಾಯಿಮಾತು. ಕಾಗದವಿಲ್ಲ, ಸಾಕ್ಷಿಯೂ ಇಲ್ಲ.

ಕಾಗದ ಯಾಕಿಲ್ಲ ಎಂದರೆ ಕರ್ನಾಟಕದಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡುವುದೇ ಕಾನೂನುಬಾಹಿರ. ಇದು ಯಾರ ಕುತಂತ್ರವೂ ಅಲ್ಲ, ನಮ್ಮ ರಾಜ್ಯ ಮಾಡಿದ ಬಹು ದೊಡ್ಡ ಒಳ್ಳೆಯ ಕೆಲಸದ ಹಿಂಬದಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಗದ್ದೆಗಿಳಿದಾಗ ಎದ್ದ ಕೂಗು 1974ರ ಮಾರ್ಚ್ 1ರಂದು ಕಾನೂನಾಗಿ ಜಾರಿಗೆ ಬಂತು. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ಆ ತಿದ್ದುಪಡಿ ಗೇಣಿಯನ್ನು ಬೇರುಸಹಿತ ಕಿತ್ತಿತು. ಲಕ್ಷಾಂತರ ಮಂದಿ 7ನೇ ನಮೂನೆ ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತರು. ಅಲ್ಲಿ ಅವರ ಕೈಹಿಡಿದ ದಾಖಲೆಗಳಲ್ಲಿ ಮುಖ್ಯವಾದದ್ದು ಇದೇ ಹನ್ನೆರಡನೇ ಕಾಲಂ. ಅಲ್ಲಿ ಹೆಸರಿದ್ದವರ ದಾವೆಗೆ ಬಲವಿತ್ತು. ದಕ್ಷಿಣ ಕನ್ನಡದಲ್ಲಿ, ಉತ್ತರ ಕನ್ನಡದಲ್ಲಿ, ಮಲೆನಾಡಿನಲ್ಲಿ ಒಂದು ತಲೆಮಾರಿನ ಒಕ್ಕಲುಗಳು ಒಡೆಯರಾದದ್ದು ಹೀಗೆ. ಅವರ ಮಕ್ಕಳು ಶಾಲೆ ಕಲಿತದ್ದು, ಕೆಲವರು ಶಾಸಕರೂ ಆದದ್ದು ಆ ನೆಲದ ಬಲದಿಂದ.

ಒಡೆಯರು ಆ ಪಾಠವನ್ನು ಮರೆಯಲಿಲ್ಲ. ಹನ್ನೆರಡನೇ ಕಾಲಂಗೆ ಬೇರೆಯವರ ಹೆಸರು ಹತ್ತಬಾರದು ಎಂಬ ಎಚ್ಚರ ಐವತ್ತು ವರ್ಷವಾದರೂ ಹೋಗಿಲ್ಲ. ಗೇಣಿ ನಿಲ್ಲಲಿಲ್ಲ, ನೆಲದಡಿಗೆ ಇಳಿಯಿತು. ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ ಬೇರೆ ಯಾರೂ ಗೇಣಿಗೆ ಕೊಡುವಂತಿಲ್ಲ ಎನ್ನುವ ಕಾಯ್ದೆಯಡಿ ಗೇಣಿದಾರ ಎಂಬ ಮನುಷ್ಯನೇ ಇಲ್ಲ. ಇಲ್ಲದ ಮನುಷ್ಯನನ್ನು ಎಣಿಸುವುದು ಹೇಗೆ? ದೇಶದ ಲೆಕ್ಕದಲ್ಲಿ, 2018–19ರ ರಾಷ್ಟ್ರೀಯ ಮಾದರಿ ಸಮೀಕ್ಷೆ, ಸಾಗುವಳಿಯಲ್ಲಿರುವ ಹಿಡುವಳಿಗಳ ಪೈಕಿ ಶೇ 17ರಷ್ಟು ಗೇಣಿಯವು ಎಂದಿತ್ತು. ಅದೂ ಒಪ್ಪಿಕೊಂಡವರ ಲೆಕ್ಕ. ತಾನು ಮಾಡುತ್ತಿರುವುದೇ ಕಾನೂನಿಗೆ ವಿರುದ್ಧ ಎಂದು ಗೊತ್ತಿರುವವನು ಸಮೀಕ್ಷೆಯವರ ಮುಂದೆ ಎಷ್ಟು ಬಾಯಿಬಿಡುತ್ತಾನೋ ಅಷ್ಟೇ.

ಮಳೆ ಹದವಾಗಿದ್ದ ಕಾಲದಲ್ಲಿ ಈ ಕಣ್ಣುಮುಚ್ಚಾಲೆ ಹೇಗೋ ನಡೆದುಹೋಗುತ್ತಿತ್ತು. ಈಗ ನಡೆಯುವುದಿಲ್ಲ.

ಲೆಕ್ಕ ಹಾಕಿ ನೋಡೋಣ. 2023ರ ಬರಕ್ಕೆ ರಾಜ್ಯ ಕೇಂದ್ರದಿಂದ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. ಮಳೆಯಾಶ್ರಿತ ಬೆಳೆಗೆ ಪರಿಹಾರ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಗೆ. ಎಕರೆಗೆ ಹತ್ತಿರಹತ್ತಿರ 3,400. ಬೀಜ ಗೊಬ್ಬರದ ಖರ್ಚೂ ಹುಟ್ಟದ ಈ ಮೊತ್ತದ ಬಗ್ಗೆ ಎಲ್ಲ ಪಕ್ಷದವರೂ ಮಾತಾಡಿದರು, ಸರಿಯಾಗಿಯೇ ಮಾತಾಡಿದರು. ಆದರೆ ಆ ದುಡ್ಡು ಹೋದದ್ದು ಎಲ್ಲಿಗೆ? ‘ಫ್ರೂಟ್ಸ್’ ತಂತ್ರಾಂಶದಲ್ಲಿ ಪಹಣಿಯೊಂದಿಗೆ ಆಧಾರ್ ಜೋಡಿಸಿಕೊಂಡ ಖಾತೆಗಳಿಗೆ. ಅಂದರೆ ಒಂಬತ್ತನೇ ಕಾಲಂಗೆ. ರಾಯಚೂರಿನ ಎರೆನೆಲವನ್ನು ಲಾವಣಿಗೆ ಹಿಡಿದು, ಮುಂಗಡ ಕಟ್ಟಿ, ಅಂಗಡಿಯವನಿಂದ ಬಡ್ಡಿಗೆ ಬೀಜ ಗೊಬ್ಬರ ತಂದು, ತೊಗರಿ ಕಣ್ಣೆದುರೇ ಒಣಗುವುದನ್ನು ನೋಡಿದವನ ಖಾತೆಗೆ ನಯಾಪೈಸೆ ಬರಲಿಲ್ಲ. ಪರಿಹಾರ ಬಂದದ್ದು, ಆ ವರ್ಷ ಹೊಲದ ಬದುವಿಗೂ ಬಾರದ ಒಡೆಯನಿಗೆ. ಒಳ್ಳೆಯ ಒಡೆಯನಾದರೆ ಅದರಲ್ಲಿ ಒಂದು ಪಾಲು ಬಿಟ್ಟುಕೊಟ್ಟಿದ್ದಾನು. ರಾಜ್ಯವೊಂದರ ಆಹಾರದ ಭದ್ರತೆಯನ್ನು ಒಳ್ಳೆಯ ಒಡೆಯರ ಮನಸ್ಸಿನ ಮೇಲೆ ನಿಲ್ಲಿಸಿದ್ದೇವೆ.

ಬೆಳೆವಿಮೆಯ ನಿಯಮದಲ್ಲಿ ಗೇಣಿದಾರರೂ ಸೇರಬಹುದು ಎಂದು ಬರೆದಿದೆ; ಗೇಣಿ ಕರಾರಿನ ಕಾಗದ ತನ್ನಿ ಎಂದೂ ಬರೆದಿದೆ. ಕರಾರೇ ಅಪರಾಧವಾಗಿರುವ ರಾಜ್ಯದಲ್ಲಿ ಯಾವ ಒಡೆಯ ಸಹಿ ಹಾಕುತ್ತಾನೆ? ಪಿಎಂ–ಕಿಸಾನ್‌ನ ವರ್ಷದ ಆರು ಸಾವಿರ ಭೂಒಡೆತನಕ್ಕೆ ಕೊಡುವ ದುಡ್ಡು, ಸಾಗುವಳಿಗೆ ಕೊಡುವುದಲ್ಲ. ಸೊಸೈಟಿಯ ಐದು ಲಕ್ಷದವರೆಗಿನ ಬಡ್ಡಿರಹಿತ ಸಾಲಕ್ಕೆ ಪಹಣಿ ಬೇಕು. ರೈತ ಸಂಪರ್ಕ ಕೇಂದ್ರದ ರಿಯಾಯಿತಿ ಬೀಜಕ್ಕೆ ಬೇಕು, ಕೃಷಿಹೊಂಡದ ಸಹಾಯಧನಕ್ಕೆ ಬೇಕು. ಬೆಂಬಲ ಬೆಲೆಗೆ ರಾಗಿ ಮಾರಬೇಕೆಂದರೂ ಫ್ರೂಟ್ಸ್ ಸಂಖ್ಯೆ ಬೇಕು. ಹಾಗಾಗಿ ವಾರಕ್ಕೆ ಬೆಳೆದವನ ರಾಗಿ ಒಡೆಯನ ಹೆಸರಿನಲ್ಲಿ ಖರೀದಿ ಕೇಂದ್ರಕ್ಕೆ ಹೋಗುತ್ತದೆ, ಇಲ್ಲವೇ ಸಿಕ್ಕ ಬೆಲೆಗೆ ದಲ್ಲಾಳಿಯ ಟೆಂಪೊ ಏರುತ್ತದೆ. ರೈತರ ಹೆಸರಿನಲ್ಲಿ ಈ ರಾಜ್ಯ ಖರ್ಚು ಮಾಡುವ ಪ್ರತಿ ರೂಪಾಯಿಯೂ ನೇಗಿಲಿನ ದಾರಿ ಬಿಟ್ಟು ಕಾಗದದ ದಾರಿ ಹಿಡಿದಿದೆ.

ಹವಾಮಾನ ಬದಲಾವಣೆಗೆ ಹೊಂದಿಕೊಳ್ಳಿ ಎಂದು ಈಗ ಎಲ್ಲ ಇಲಾಖೆಗಳೂ ರೈತನಿಗೆ ಉಪದೇಶ ಮಾಡುತ್ತವೆ. ಬದು ಹಾಕಿ, ಕೊಟ್ಟಿಗೆ ಗೊಬ್ಬರ ಸುರಿಯಿರಿ, ಬದುವಿನ ಮೇಲೆ ಗಿಡ ನೆಡಿ, ಒಂದೇ ಬೆಳೆಯನ್ನು ನೆಚ್ಚದೆ ಅಕ್ಕಡಿ ಸಾಲು ಹಾಕಿ. ಒಂದೊಂದೂ ಸರಿಯಾದ ಮಾತೇ. ಆದರೆ ಗೊಬ್ಬರ ಹಾಕಿದ ನೆಲ ಮೆತ್ತಗಾಗಿ ನೀರು ಹಿಡಿಯಲು ಮೂರು ನಾಲ್ಕು ವರ್ಷ ಬೇಕು, ಗಿಡಕ್ಕೆ ಅದಕ್ಕಿಂತ ಹೆಚ್ಚು. ಮುಂದಿನ ಯುಗಾದಿಗೆ ಹೊಲ ತನ್ನ ಕೈಯಲ್ಲಿರುತ್ತದೋ ಇಲ್ಲವೋ ಗೊತ್ತಿಲ್ಲದವನು ಹತ್ತು ಗಾಡಿ ಗೊಬ್ಬರ ಯಾಕೆ ಹೊಡೆದಾನು? ಒಡೆಯನೂ ಅದೇ ಭಯದಿಂದ ಎರಡು ವರ್ಷಕ್ಕೊಮ್ಮೆ ಆಳು ಬದಲಿಸುತ್ತಾನೆ. ಹೀಗೆ ಯಾರೂ ನೆಲಕ್ಕೆ ಹಾಕುವುದಿಲ್ಲ, ಎಲ್ಲರೂ ನೆಲದಿಂದ ತೆಗೆಯುತ್ತಾರೆ. ಯೂರಿಯಾ ಒಂದೇ ಆ ವರ್ಷವೇ ಫಲ ಕೊಡುವಂಥದ್ದು, ಆದ್ದರಿಂದ ಯೂರಿಯಾ. ಒಂದು ತಿಂಗಳಲ್ಲಿ ಬರಬೇಕಾದ ಮಳೆ ಎರಡು ದಿನದಲ್ಲಿ ಸುರಿದಾಗ ಇಂಥ ನೆಲ ಕೊಚ್ಚಿಹೋಗುತ್ತದೆ. ಇಪ್ಪತ್ತು ದಿನ ಮಳೆ ಬಿಟ್ಟರೆ ಸುಟ್ಟುಹೋಗುತ್ತದೆ. 2019ರಲ್ಲಿ ಕೃಷ್ಣಾ ಕೊಳ್ಳ ಮುಳುಗಿತು, 2020ರಲ್ಲಿ ಭೀಮಾ ತೀರ, 2023ರಲ್ಲಿ ಬರ, 2025ರಲ್ಲಿ ಮತ್ತೆ ಭೀಮಾ ಉಕ್ಕಿ ಕಲಬುರಗಿ, ಯಾದಗಿರಿಯ ತೊಗರಿಯನ್ನು ಕೊಳೆಸಿತು. ರಾಜಸ್ಥಾನ ಬಿಟ್ಟರೆ ಹೆಚ್ಚು ಒಣಭೂಮಿ ಇರುವ ರಾಜ್ಯ ನಮ್ಮದು. ಬರ, ನೆರೆ ಇನ್ನು ಮೇಲೆ ಅತಿಥಿಗಳಲ್ಲ. ಪ್ರತಿ ಹೊಡೆತಕ್ಕೂ ಒಂದಷ್ಟು ಲಾವಣಿದಾರರು ಗುಳೆ ಹೋಗುತ್ತಾರೆ, ಅವರಲ್ಲಿ ಕೆಲವರು ಹಿಂದಿರುಗುವುದಿಲ್ಲ. ಹಿಂದಿರುಗದವರ ಹೊಲ ಬೀಳು ಬೀಳುತ್ತದೆ, ಅಥವಾ ತಿನ್ನಲಾರದ ಬೆಳೆಗೆ ತಿರುಗುತ್ತದೆ.

ತಿನ್ನಲಾರದ ಬೆಳೆ ಎಂದದ್ದಕ್ಕೆ ಕಾರಣವಿದೆ. ಒಡೆಯ ದೂರವಿದ್ದು ಆಳು ಸಿಗದಿದ್ದರೆ ನೀಲಗಿರಿ, ಸರ್ವೆ, ಸಿಲ್ವರ್. ಬೋರ್‌ವೆಲ್‌ನಲ್ಲಿ ನೀರು ಸಿಕ್ಕರೆ ಅಡಿಕೆ. ಕೋಲಾರ, ಬೆಂಗಳೂರು ಗ್ರಾಮಾಂತರದ ಹೊಲಗಳನ್ನು ನೀಲಗಿರಿ ಆವರಿಸಿದ್ದು, 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಬೇಕಾಗಿ ಬಂದದ್ದು ಎಲ್ಲರಿಗೂ ನೆನಪಿರಬೇಕು. ದಾವಣಗೆರೆ, ಚಿತ್ರದುರ್ಗ, ತುಮಕೂರಿನ ಬಯಲಲ್ಲಿ ಅಡಿಕೆ ಹಬ್ಬುತ್ತಿರುವ ಪರಿ ನೋಡಿದರೆ, ಅಂತರ್ಜಲ ಮುಗಿದ ದಿನ ಅಲ್ಲಿ ತೋಟವೂ ಉಳಿಯದು, ರಾಗಿ ಬಿತ್ತುವ ಕೈಯೂ ಉಳಿಯದು. ಅಡಿಕೆ ಬೆಳೆಗಾರರನ್ನು ದೂರಿ ಫಲವಿಲ್ಲ; ರಾಗಿಯಲ್ಲಿ ಬದುಕು ನಡೆಯುವಂತಿದ್ದರೆ ಅವರು ಸಾವಿರ ಅಡಿ ಕೊರೆಸುತ್ತಿರಲಿಲ್ಲ.

ಇಷ್ಟರ ನಡುವೆ ಸರ್ಕಾರಗಳು ಮಾಡಿದ್ದೇನು? ಒಂದು ಬಾಗಿಲನ್ನು ಅಗಲವಾಗಿ ತೆರೆದವು. ಭೂಸುಧಾರಣಾ ಕಾಯ್ದೆಯ 79ಎ, 79ಬಿ, 79ಸಿ ಸೆಕ್ಷನ್‌ಗಳು ಕೃಷಿಕರಲ್ಲದವರು, ಕಂಪನಿಗಳು, ಬೇರೆ ಮೂಲದಿಂದ ಹೆಚ್ಚು ಆದಾಯವಿರುವವರು ಕೃಷಿ ಜಮೀನು ಕೊಳ್ಳುವುದಕ್ಕೆ ಇದ್ದ ತಡೆ. 2015ರಲ್ಲಿ ಆ ಆದಾಯದ ಮಿತಿಯನ್ನು ಎರಡು ಲಕ್ಷದಿಂದ 25 ಲಕ್ಷಕ್ಕೆ ಏರಿಸಿದ್ದು ಕಾಂಗ್ರೆಸ್ ಸರ್ಕಾರ. 2020ರ ಜುಲೈನಲ್ಲಿ, ಕೋವಿಡ್‌ನ ನಡುವೆ, ಸುಗ್ರೀವಾಜ್ಞೆ ಹೊರಡಿಸಿ ಮೂರೂ ಸೆಕ್ಷನ್‌ಗಳನ್ನು ಅಳಿಸಿದ್ದು ಬಿಜೆಪಿ ಸರ್ಕಾರ. ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿನಲ್ಲಿ ಜೆಡಿಎಸ್ ಕೈಜೋಡಿಸಿತು. ಆಗ ಬೀದಿಗಿಳಿದು ವಿರೋಧಿಸಿದ ಕಾಂಗ್ರೆಸ್, 2023ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಆ ತಡೆಯನ್ನು ಮೊದಲಿನಂತೆ ನಿಲ್ಲಿಸಲು ಮುಂದಾಗಲಿಲ್ಲ. ಈ ವಿಷಯದಲ್ಲಿ ಮೂರು ಪಕ್ಷಗಳ ನಡುವೆ ವ್ಯತ್ಯಾಸ ಹುಡುಕಲು ನಾವು ಪ್ರಯತ್ನಪಟ್ಟು ಕೈಬಿಟ್ಟಿದ್ದೇವೆ.

ಹಳೆಯ ಸೆಕ್ಷನ್‌ಗಳಲ್ಲಿ ದೋಷವಿರಲಿಲ್ಲ ಎನ್ನಲಾಗದು. ತಹಶೀಲ್ದಾರ್ ಕಚೇರಿಗಳಲ್ಲಿ ಅವು ಲಂಚದ ಬಾಬ್ತಾಗಿದ್ದವು ಎಂಬ ಸರ್ಕಾರದ ವಾದದಲ್ಲಿ ಸತ್ಯವಿದೆ. ಕಾನೂನಿನ ಹೆಸರಲ್ಲಿ ಲಂಚ ತಿನ್ನುತ್ತಾರೆಂದು ಕಾನೂನನ್ನೇ ತೆಗೆದುಹಾಕುವ ನ್ಯಾಯವನ್ನು ಮಾತ್ರ ಬೇರೆ ಯಾವ ಇಲಾಖೆಗೂ ಅನ್ವಯಿಸಿದ್ದು ಕಾಣೆವು. ಈಗ ಬೆಂಗಳೂರಿನಿಂದ ಯಾವ ಹೆದ್ದಾರಿ ಹಿಡಿದು ಹೊರಟರೂ ತಂತಿಬೇಲಿ, ಗೇಟು, ‘ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್’ ಎಂಬ ಫಲಕ. ಹಿಂದೆ ಅಲ್ಲಿ ವಾರಕ್ಕೆ ಹುರುಳಿ, ಅವರೆ ಬೆಳೆಯುತ್ತಿದ್ದವರಿಗೆ ಕಾವಲುಗಾರನ ಕೆಲಸ ಸಿಕ್ಕಿದ್ದರೆ ಅದೃಷ್ಟ. ಕೊಂಡವರಿಗೆ ಬೆಳೆ ಬೇಕಿಲ್ಲ, ಬೆಲೆ ಏರುವುದು ಬೇಕು. ಎಕರೆಯ ಬೆಲೆ ಊರಿನ ರಾಗಿಯ ಆದಾಯದಿಂದ ಹತ್ತು ಜನ್ಮಕ್ಕೂ ತೀರಿಸಲಾಗದಷ್ಟು ಏರಿದ ಮೇಲೆ, ನೆಲವಿಲ್ಲದ ರೈತ ಎಂದಾದರೂ ನೆಲ ಕೊಂಡಾನು ಎಂಬ ಮಾತೇ ಉಳಿಯುವುದಿಲ್ಲ. 2015–16ರ ಕೃಷಿ ಗಣತಿಯಂತೆ ರಾಜ್ಯದಲ್ಲಿ 86.81 ಲಕ್ಷ ಹಿಡುವಳಿಗಳಿವೆ, ಒಂದೊಂದರ ಸರಾಸರಿ 1.36 ಹೆಕ್ಟೇರ್. ಮುಂದಿನ ತಲೆಮಾರಿಗೆ ಅದೂ ಹೋಳಾಗುತ್ತದೆ.

ಸರ್ಕಾರ ತಾನೇ ನೆಲ ಹಿಡಿಯಹೊರಟಾಗ ಏನಾಗುತ್ತದೆ ಎಂಬುದಕ್ಕೆ ದೇವನಹಳ್ಳಿ ಸಾಕ್ಷಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ, ವೈಮಾಂತರಿಕ್ಷ ಉದ್ಯಮಕ್ಕೆ. ದ್ರಾಕ್ಷಿ, ರೇಷ್ಮೆ, ತರಕಾರಿ, ರಾಗಿ, ಹಾಲು. ಬೆಂಗಳೂರಿನ ಅಡುಗೆಮನೆಗೆ ದಿನಾ ಬೆಳಗ್ಗೆ ಬಂದಿಳಿಯುವುದನ್ನು ಬೆಳೆಯುವ ನೆಲ. ಮೂರು ವರ್ಷಕ್ಕೂ ಹೆಚ್ಚು ಕಾಲ ಆ ರೈತರು ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಟ್ಟಿರುವುದಾಗಿ ಘೋಷಿಸಿದರು. ತಾವಾಗಿ ಕೊಡಬಯಸುವವರಿಂದ ಹೆಚ್ಚಿನ ದರಕ್ಕೆ ಕೊಳ್ಳುತ್ತೇವೆ ಎಂಬ ಮಾತನ್ನೂ ಸೇರಿಸಿದರು. ಅದೊಂದು ಅಪರೂಪದ ಗೆಲುವು. ಆದರೆ ಅದು ಒಂದು ಹೋಬಳಿಯ ಗೆಲುವು, ಅಲ್ಲಿನವರು ಪಟ್ಟುಹಿಡಿದು ಕೂತದ್ದರಿಂದ ಬಂದದ್ದು. ಬೆಳೆಯುವ ನೆಲವನ್ನು ಕಾಯುವ ನಿಯಮ ರಾಜ್ಯದಲ್ಲಿ ಇದ್ದದ್ದರಿಂದ ಬಂದದ್ದಲ್ಲ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಮುಂದಿನ ಅಧಿಸೂಚನೆ ಯಾವ ಹೋಬಳಿಯದ್ದಾಗಿದ್ದರೂ ಅಲ್ಲಿನವರು ಮೊದಲಿನಿಂದ ಧರಣಿ ಶುರು ಮಾಡಬೇಕು.

ದೇವನಹಳ್ಳಿ ತೀರ್ಮಾನ ಹೊರಬಿದ್ದ ಬೆನ್ನಿಗೇ ಆಂಧ್ರದ ಸಚಿವರೊಬ್ಬರು, ಉದ್ಯಮಿಗಳು ನಮ್ಮಲ್ಲಿಗೆ ಬರಲಿ, ಜಾಗ ಸಿದ್ಧವಿದೆ ಎಂದು ಕರೆದರು. ನಮ್ಮ ಅಧಿಕಾರಸ್ಥರಿಗೆ ಆಂಧ್ರದ ಆ ಜಾಗ ಕಂಡು ಹೊಟ್ಟೆ ಉರಿಯಿತು. ಅದೇ ಆಂಧ್ರದಲ್ಲಿ ಇರುವ ಇನ್ನೊಂದು ವಸ್ತುವಿನ ಕಡೆ ಯಾರ ಕಣ್ಣೂ ಹೋಗಲಿಲ್ಲ. 2011ರಲ್ಲಿ, ಇನ್ನೂ ಅವಿಭಜಿತವಾಗಿದ್ದಾಗ, ಆ ರಾಜ್ಯ ಗೇಣಿದಾರರಿಗೆ ಸಾಗುವಳಿಯ ಗುರುತುಪತ್ರ ಕೊಡುವ ಕಾಯ್ದೆ ಮಾಡಿತು. ಅದರಿಂದ ಒಡೆತನದ ಹಕ್ಕು ಹುಟ್ಟುತ್ತಿರಲಿಲ್ಲ. ಆ ವರ್ಷದ ಬೆಳೆ, ಸಾಲ, ವಿಮೆ, ಪರಿಹಾರಕ್ಕೆ ಮಾತ್ರ ಹಕ್ಕು. 2019ರಲ್ಲಿ ಬಂದ ಬೆಳೆಸಾಗುವಳಿದಾರರ ಹಕ್ಕು ಕಾಯ್ದೆಯಲ್ಲಿ ಹನ್ನೊಂದು ತಿಂಗಳ ಪತ್ರಕ್ಕೆ ಒಡೆಯನ ಸಹಿ ಕಡ್ಡಾಯವಾಯಿತು, ಅಲ್ಲಿಗೆ ಅದರ ಹಲ್ಲು ಉದುರಿತು. ನಾವು ಮಾಡುವುದಾದರೆ ಮೊದಲ ದಾರಿಯಲ್ಲಿ ಮಾಡಬೇಕು: ಉಳುತ್ತಿರುವುದು ಯಾರೆಂದು ಅಕ್ಕಪಕ್ಕದ ಹೊಲದವರು ಗ್ರಾಮಸಭೆಯಲ್ಲಿ ಹೇಳಲಿ. ಊರಿನಲ್ಲಿ ಅದು ಯಾರಿಗೂ ಗುಟ್ಟಲ್ಲ. ಕೇರಳದ ಕುಡುಂಬಶ್ರೀ ಗುಂಪುಗಳು ಬೀಳು ನೆಲವನ್ನು ಗುತ್ತಿಗೆಗೆ ಹಿಡಿದು ಭತ್ತ, ತರಕಾರಿ ಬೆಳೆಯುತ್ತಿವೆ. ಒಡಿಶಾದ ಕಾಲಿಯಾ ಯೋಜನೆ ಪಾಲಿಗೆ ಉಳುವವರನ್ನೂ ನೆಲವಿಲ್ಲದವರನ್ನೂ ಲೆಕ್ಕಕ್ಕೆ ಹಿಡಿದಿತ್ತು. ಭೂಸುಧಾರಣೆಯಲ್ಲಿ ದೇಶಕ್ಕೆ ಮಾದರಿ ಎನಿಸಿಕೊಂಡಿದ್ದ ಕರ್ನಾಟಕ ಇಲ್ಲಿ ಬಾಯಿಮುಚ್ಚಿಕೊಂಡು ಹಿಂದೆ ಕೂತಿದೆ.

ಗೇಣಿಗೆ ಯಾವ ರೂಪದಲ್ಲಾದರೂ ಮಾನ್ಯತೆ ಕೊಡುವುದೆಂದರೆ 1974ಕ್ಕೆ ದ್ರೋಹ ಎಂಬ ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಗುತ್ತಿಗೆಯನ್ನು ಸುಮ್ಮನೆ ಸಕ್ರಮಗೊಳಿಸಿದರೆ ಸಾವಿರ ಎಕರೆ ಹಿಡಿಯುವ ಕಂಪನಿಗೇ ಅದರ ಲಾಭ. ಹಾಗಾಗಿ ಮಿತಿ ಬೇಕು: ಅದೇ ಊರಿನವರಿಗೆ, ಸ್ವತಃ ಉಳುವವರಿಗೆ, ಕೆಲವೇ ಎಕರೆಗೆ. ಎರಡೆಕರೆ ಇಟ್ಟುಕೊಂಡು ಉಳಲಾರದ ವಿಧವೆಯನ್ನು ಜಮೀನ್ದಾರಳಂತೆ ಕಾಣುವುದೂ ತಪ್ಪು. ಅವಳಿಗೂ ತನ್ನ ನೆಲ ತನ್ನದಾಗಿಯೇ ಉಳಿಯುತ್ತದೆಂಬ ಧೈರ್ಯ ಬೇಕು, ಆ ಧೈರ್ಯ ಬಂದರೆ ಮಾತ್ರ ಅವಳು ಮೂರು ವರ್ಷಕ್ಕೆ ಕೊಟ್ಟಾಳು. ಹೆಣ್ಣುಮಕ್ಕಳ ಮಾತು ಬಂದದ್ದರಿಂದ ಇನ್ನೊಂದು: ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲೇ, ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲು ಕಾನೂನು ಮಾಡಿತು. ದೇಶದ ಹಿಡುವಳಿಗಳಲ್ಲಿ ಹೆಣ್ಣಿನ ಹೆಸರಲ್ಲಿದ್ದದ್ದು 2015–16ರ ಗಣತಿಯಲ್ಲೂ ಶೇ 14ರಷ್ಟೇ. ಕಳೆ ಕೀಳುವವರ, ನಾಟಿ ಮಾಡುವವರ ಲೆಕ್ಕ ತೆಗೆದರೆ ಈ ಅಂಕಿಗೆ ನಾಚಿಕೆಯಾಗಬೇಕು.

ಸರ್ಕಾರಿ ನೆಲದ ವಿಷಯಕ್ಕೆ ಬಂದರೆ ತಕ್ಕಡಿ ಎತ್ತ ವಾಲಿದೆ ಎನ್ನುವುದು ಕಣ್ಣಿಗೇ ಕಾಣುತ್ತದೆ. ಬಗರ್‌ಹುಕುಂ ರೈತ ಮೊದಲು ನಮೂನೆ 50 ತುಂಬಿದ, ಆಮೇಲೆ 53, 2018ರಿಂದ 57. ಅರ್ಜಿ ಕೊಟ್ಟ ಅಪ್ಪ ಸತ್ತು ಮಗ ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದಾನೆ. ಉಪಗ್ರಹ ಚಿತ್ರ ನೋಡಿ ಅನರ್ಹರನ್ನು ಹುಡುಕುತ್ತೇವೆ ಎನ್ನುತ್ತದೆ ಇಲಾಖೆ, ಹುಡುಕಲಿ. ಅದೇ ಇಲಾಖೆ ಮಲೆನಾಡಿನಲ್ಲಿ ಸರ್ಕಾರಿ ಭೂಮಿ ಒತ್ತಿ ಕಾಫಿ ಬೆಳೆದವರಿಗೆ 25 ಎಕರೆವರೆಗೆ ಮೂವತ್ತು ವರ್ಷದ ಗುತ್ತಿಗೆ ಕೊಡಲು ಕಾನೂನನ್ನೇ ತಿದ್ದಿಕೊಂಡಿತು. ರಾಗಿ ಬೆಳೆಯುವ ಬಡವ ಗೇಣಿ ಕರಾರು ಬರೆದರೆ ಅಪರಾಧ. ಕಾಫಿ ಬೆಳೆಯುವವನಿಗೆ ಸರ್ಕಾರವೇ ಕರಾರು ಬರೆದುಕೊಡುತ್ತದೆ. ದಲಿತರಿಗೆ ಮಂಜೂರಾದ ಭೂಮಿ ಪರಭಾರೆಯಾಗದಂತೆ ತಡೆಯಲು 1978ರಲ್ಲಿ ಬಂದ ಪಿಟಿಸಿಎಲ್ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿಯನ್ನು ಈ ಪಟ್ಟಿಯಲ್ಲಿ ಒಳ್ಳೆಯದೆಂದು ಬರೆದಿಡಬೇಕು; ಕೋರ್ಟುಗಳು ವಿಳಂಬದ ಕಾರಣಕ್ಕೆ ತಳ್ಳಿಹಾಕುತ್ತಿದ್ದ ದಾವೆಗಳಿಗೆ ಮತ್ತೆ ಜೀವ ಕೊಡುವುದು ಅದರ ಉದ್ದೇಶವಾಗಿತ್ತು. ನೂರು ದನಕ್ಕೆ 30 ಎಕರೆಯಂತೆ ಉಳಿಸಬೇಕಿದ್ದ ಗೋಮಾಳಗಳ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಸಂಪಾದಕೀಯ ಬೇಕು.

ಅಳಿಸಿದ ಮೂರು ಸೆಕ್ಷನ್‌ಗಳನ್ನು ಲಂಚಕ್ಕೆ ಎಡೆಯಿಲ್ಲದ ರೂಪದಲ್ಲಿ ಮರಳಿ ತರುವುದು, ನೀರಾವರಿ ಮತ್ತು ಆಹಾರ ಬೆಳೆಯ ನೆಲವನ್ನು ಭೂಪರಿವರ್ತನೆಯಿಂದ ಹೊರಗಿಡುವುದು, ಉಳುವವರಿಗೆ ಗುರುತುಪತ್ರ ಕೊಡುವ ಕಾಯ್ದೆ ಮಾಡುವುದು, ಇವೆಲ್ಲ ವಿಧಾನಮಂಡಲದ ಕೆಲಸ. ಬೇಗ ಆಗುತ್ತದೆಂಬ ಭ್ರಮೆ ನಮಗಿಲ್ಲ; ಅಲ್ಲಿ ಕೂತವರಲ್ಲಿ ಎಷ್ಟು ಮಂದಿ ನೆಲದ ವ್ಯವಹಾರದಲ್ಲಿದ್ದಾರೆ ಎಂಬುದು ಅವರ ಆಸ್ತಿ ಘೋಷಣೆಯಲ್ಲೇ ಇದೆ. ಆದರೆ ಕಾಯ್ದೆಗೆ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಹಂಗಾಮಿಗೊಮ್ಮೆ ಕೃಷಿ ಮತ್ತು ಕಂದಾಯ ಇಲಾಖೆಗಳು ಮೊಬೈಲ್ ಆ್ಯಪ್ ಹಿಡಿದು ಪ್ರತಿ ಸರ್ವೆ ನಂಬರಿನ ಬೆಳೆ ಸಮೀಕ್ಷೆ ಮಾಡುತ್ತವೆ. ಹೊಲದಲ್ಲಿ ನಿಂತು ಬೆಳೆಯ ಫೋಟೊ ತೆಗೆಯುತ್ತಾರೆ. ಬೆಳೆ ಯಾವುದು ಎಂದು ಕೇಳುವ ಆ ಆ್ಯಪ್, ಬೆಳೆದವರು ಯಾರು ಎಂದೂ ಕೇಳಲಿ. ಈ ದಾಖಲೆಯಿಂದ ಒಡೆತನಕ್ಕೆ ಯಾವ ಹಕ್ಕೂ ಹುಟ್ಟದು, ಪರಿಹಾರಕ್ಕೆ ಮಾತ್ರ ಎಂದು ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರೆಯಲಿ. ಬರ ಅಥವಾ ನೆರೆಯ ಪರಿಹಾರದಲ್ಲಿ ರಾಜ್ಯ ತನ್ನ ಬೊಕ್ಕಸದಿಂದ ಸೇರಿಸುವ ಪಾಲನ್ನಾದರೂ ಆ ಹೆಸರಿಗೆ ಕಳಿಸಲಿ. ಇದಕ್ಕೆ ದೆಹಲಿಯ ಅನುಮತಿ ಬೇಡ, ಸದನದ ಮತವೂ ಬೇಡ. ಕಂದಾಯ ಸಚಿವರ ಒಂದು ಸಹಿ ಸಾಕು, ಮುಂದಿನ ಮುಂಗಾರಿನ ಸಮೀಕ್ಷೆಗೆ ಮುಂಚೆ.